ಎರಡು ಕಾರ್ಡು, ಒಂದು ಬಾಣ

ಅಪ್ಪ ಗದಗಿನಲ್ಲಿ ಬಿಟ್ಟುಹೋದ ಫೋಟೋ ಸ್ಟುಡಿಯೋವನ್ನು ಅಣ್ಣನೂ ನಾನೂ ಪಾಲು ಮಾಡಿಕೊಂಡ ದಿನ, ಊಟದ ಹೊತ್ತಿಗೆ ಕಂಪ್ಯೂಟರ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಇತ್ಯರ್ಥವಾಗಿತ್ತು. ವಿಡಿಯೋ ಕ್ಯಾಮೆರಾ ಅಣ್ಣನಿಗೆ, ಫೋಟೋ ಕ್ಯಾಮೆರಾ ನನಗೆ. ಛತ್ರಿ ಹಚ್ಚಿದ ಲೈಟುಗಳು ಎರಡಿದ್ದವು, ಒಬ್ಬೊಬ್ಬರಿಗೆ ಒಂದು. ಗೋಡೆಗೆ ಇಳಿಬಿಟ್ಟ ಜಲಪಾತದ ಪರದೆ ಇಬ್ಬರಿಗೂ ಬೇಡವಾಗಿತ್ತು, ಅದು ಅಲ್ಲೇ ಉಳಿಯಿತು.

ಪಾಲು ಮಾಡಿಸಲು ಸೊರಟೂರಿನಿಂದ ಮಾಮಾ ಬಂದಿದ್ದರು, ನಮ್ಮವ್ವನ ತಮ್ಮ. ಸುತ್ತಿನ ಹಳ್ಳಿಗಳಲ್ಲಿ ಹೊಲ ಹಿತ್ತಲು ಹಂಚಿಸಿ ಹೆಸರಾದವರು. ಒಂದೇ ಹುಣಸೆಮರವನ್ನು ಮೂವರು ಅಣ್ಣತಮ್ಮಂದಿರಿಗೆ ಕೊಂಬೆವಾರು ಹಂಚಿ, ಯಾರೂ ಕೊಡಲಿ ಎತ್ತದಂತೆ ಮಾಡಿದ ಖ್ಯಾತಿ ಅವರದು. ಕಂಪ್ಯೂಟರಿನ ಡಬ್ಬಿಯನ್ನು ಸುತ್ತಲೂ ನೋಡಿ, ಕಾಲು ಮಡಚಿ ಕುಳಿತರು.

"ಬಾವಿ ಹರದು ಹಂಚಾಕ ಬರ್ತೈತೇನು? ಬಾವಿ ಒಂದ ಇರ್ಲಿ, ಮೋಟರ್ ಎರಡ ಕುಂಡ್ರಸೂದು. ನಿನ್ನ ನೀರ ನಿನಗ, ಅವನ ನೀರ ಅವಗ," ಎಂದರು.

ಜಗಳದ ಕಾರಣ ಹೇಳಿದರೆ ನೀವು ನಗುತ್ತೀರಿ. ನಕ್ಕರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಲಕ್ಷ್ಮೇಶ್ವರದ ಒಂದು ಮದುವೆ ಹಿಡಿದಿದ್ದೆವು. ಹುಡುಗಿಗೆ ಅಜ್ಜಿಯ ಹೆಸರಿಟ್ಟಿದ್ದರು, ಕೊನೆಗೆ 'ಅವ್ವ' ಬರುವ ಹೆಸರು. ಅಣ್ಣ ವಿಡಿಯೋದಲ್ಲಿ ಹೆಸರು ಹೊಡೆಯುವಾಗ ವಕಾರದ ಒತ್ತು ಬಿಟ್ಟ. ಅವ್ವ ಹೋಗಿ ಅವ ಆಯಿತು. ಗುಲಾಬಿ ಹೂವಿನ ಚೌಕಟ್ಟಿನೊಳಗೆ ಮದುಮಗಳು ಗಂಡಸಾದಳು. ಬೀಗರ ಮನೆಯಲ್ಲಿ ಎಲ್ಲರೂ ಕೂಡಿ ದೊಡ್ಡ ಟಿವಿಯಲ್ಲಿ ನೋಡಿದ್ದಾರೆ. ಮರುದಿನ ಹುಡುಗಿಯ ಕಾಕಾ ಅಂಗಡಿಗೆ ಬಂದು ನಿಂತಾಗ, ನಾನು ಅಲ್ಲೇ ಕುಳಿತಿದ್ದರೂ ಅಣ್ಣ, "ಹೆಸರು ಬರಿಯೂದೆಲ್ಲಾ ನಮ್ಮ ತಂಗಿ ನೋಡ್ಕೋತಾಳ್ರಿ," ಎಂದುಬಿಟ್ಟ.

ಸುಳ್ಳು ಹೇಳಿದ್ದಕ್ಕಿಂತ ಅಷ್ಟು ಸರಾಗವಾಗಿ ಹೇಳಿದನಲ್ಲ ಎಂದು ನನ್ನ ಹೊಟ್ಟೆ ಉರಿಯಿತು. ಗಿರಾಕಿ ಹೋದ ಮೇಲೆ ನಾನು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಅಣ್ಣನೂ ಅಂದ. ಮದುವೆ ಸೀಜನ್ ಮುಗಿದೊಡನೆ ಮುಂಡರಗಿಯಲ್ಲಿ ಬೇರೆ ಅಂಗಡಿ ಹಾಕುತ್ತೇನೆ ಎಂದ. ಹಾಕು ಎಂದೆ. ಅಲ್ಲಿಗೆ ಮಾತು ನಿಂತಿತು. ಮುಂಡರಗಿಯೇನು, ಬಸ್ ಹತ್ತಿದರೆ ಬರುವ ಊರು. ಅವನು ಹೋಗುವುದಕ್ಕಲ್ಲ, ಮಾತಾಡದೇ ಹೋಗಿಬಿಟ್ಟಾನು ಎಂದು ನನಗೆ ಹೆದರಿಕೆಯಿತ್ತು. ಹಾಗಂತ ನಾನೇ ಮೊದಲು ಮಾತಾಡುವವಳಲ್ಲ.

ಆವರೆಗೆ ನಮ್ಮ ಕಂಪ್ಯೂಟರಿನಲ್ಲಿ ಒಂದೇ ಗ್ರಾಫಿಕ್ಸ್ ಕಾರ್ಡಿತ್ತು. ಮಾನಿಟರಿನ ಮೇಲೆ ಚಿತ್ರ ಮೂಡಿಸುವುದು ಅದರ ಕೆಲಸ. ಹಳೆಯದು, ಎರಡಕ್ಕಿಂತ ಹೆಚ್ಚು ಮಾನಿಟರ್ ಹಚ್ಚಿದರೆ ಒಪ್ಪುತ್ತಿರಲಿಲ್ಲ. ವಿಡಿಯೋ ಕತ್ತರಿಸಲು ಅಣ್ಣನಿಗೆ ಎರಡು ಬೇಕು, ಆಲ್ಬಮ್ಮಿನ ಹಾಳೆ ಜೋಡಿಸಲು ನನಗೆ ಎರಡು. ಇನ್ನೊಂದು ಕಾರ್ಡು ಕೂಡಿಸಿ ನಾಲ್ಕು ಮಾನಿಟರ್ ಹಚ್ಚಿದರೆ ಮುಂಡರಗಿಯ ಅಂಗಡಿ ಆಗುವವರೆಗೆ ನಡೆಯುತ್ತದೆ ಎಂದು ಮಾಮಾ ತೀರ್ಮಾನಿಸಿದರು. ಅವರು ಅದುವರೆಗೆ ಗ್ರಾಫಿಕ್ಸ್ ಕಾರ್ಡು ಕಂಡಿರಲಿಲ್ಲ. ಕಂಡಾಗ, ಅದಕ್ಕೆ ತಿರುಗುವ ಫ್ಯಾನ್ ಇದ್ದದ್ದರಿಂದ, ಇದೂ ಮೋಟರೇ ಎಂಬ ಅವರ ನಂಬಿಕೆ ಇನ್ನೂ ಗಟ್ಟಿಯಾಯಿತು.

ಕಂಪ್ಯೂಟರ್ ರಿಪೇರಿಯವನು ಹುಬ್ಬಳ್ಳಿಯಿಂದ ತಂದ ಕಾರ್ಡು ಬೇರೆ ಕಂಪನಿಯದು. ಹಚ್ಚಿದೊಡನೆ ನಾಲ್ಕೂ ಮಾನಿಟರ್ ಕಪ್ಪಾದವು. ಎರಡು ಕಾರ್ಡುಗಳನ್ನು ನಡೆಸುವ ಸಾಫ್ಟ್‌ವೇರುಗಳಿಗೆ ಒಂದಕ್ಕೊಂದು ಆಗಿಬರುತ್ತಿಲ್ಲ ಎಂದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದು ಮಾಮಾ ನಮ್ಮಿಬ್ಬರನ್ನು ನೋಡುತ್ತ ಹೇಳಿದರು. ಅದನ್ನು ಮರಳಿ ಕೊಟ್ಟು, ಹಳೆಯದರ ಕಂಪನಿಯದ್ದೇ ಇನ್ನೊಂದು ತಂದದ್ದಾಯಿತು. ಈ ಸಲ ನಾಲ್ಕೂ ಹೊತ್ತಿದವು. ಆದರೆ ಅಣ್ಣನ ವಿಡಿಯೋ ಜೋರು ಹಿಡಿಯುತ್ತಲೇ ಇಡೀ ಕಂಪ್ಯೂಟರ್ ಆರಿಹೋಯಿತು. ಎರಡು ಕಾರ್ಡಿಗೆ ಒಳಗಿನ ಕರೆಂಟಿನ ಡಬ್ಬಿ ಸಾಲದು, ದೊಡ್ಡದು ಬೇಕು ಎಂದ ರಿಪೇರಿಯವನು.

"ಹೊಲದಾಗೂ ಇದ ಹಣೆಬರ. ಎರಡ ಮೋಟರ್ ಹಚ್ಚಿದ್ರ ಟಿಸಿ ತಡಿಯೂದಿಲ್ಲ," ಎಂದು ಮಾಮಾ ಟ್ರಾನ್ಸ್‌ಫಾರ್ಮರಿನ ಅನುಭವ ಹೇಳಿದರು. ಡಬ್ಬಿ ಬದಲಾಯಿತು. ಎಡಕ್ಕೆ ನನ್ನ ಎರಡು, ಬಲಕ್ಕೆ ಅಣ್ಣನ ಎರಡು, ನಾಲ್ಕು ಮಾನಿಟರುಗಳು ಸಾಲಾಗಿ ಬೆಳಗಿದವು. ಇಬ್ಬರಿಗೂ ಒಂದೊಂದು ಮೌಸ್, ಒಂದೊಂದು ಕೀಬೋರ್ಡು. ಅಲ್ಲಿಯವರೆಗೂ ನಮ್ಮಲ್ಲೇ ಉಳಿದಿದ್ದ ಮಾಮಾ, ಪಾಲು ಚೊಕ್ಕಟಾತು ಎಂದು ಊಟ ಮಾಡಿ ಸೊರಟೂರಿನ ಬಸ್ ಹತ್ತಿದರು.

ಬಾಣದ ವಿಚಾರ ಯಾರಿಗೂ ಹೊಳೆದಿರಲಿಲ್ಲ. ನಾನು ಮೌಸ್ ಅಲ್ಲಾಡಿಸಿದೆ, ನನ್ನ ಮಾನಿಟರಿನಲ್ಲಿ ಬಾಣದ ಗುರುತು ಓಡಾಡಿತು. ಅಣ್ಣ ತನ್ನ ಮೌಸ್ ಅಲ್ಲಾಡಿಸಿದ, ಅದೇ ಬಾಣ ನನ್ನ ಕಡೆಯಿಂದ ಹೊರಟು ಅವನ ಕಡೆಗೆ ಹೋಯಿತು. ನಾನು ಎಳೆದುಕೊಂಡೆ. ಅವನು ಎಳೆದುಕೊಂಡ. ಕಾರ್ಡು ಎರಡಾದರೂ ಬಾಣ ಒಂದೇ ಇತ್ತು. ರಿಪೇರಿಯವನಿಗೆ ಫೋನ್ ಹಚ್ಚಿ, ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀವು ಮಾನಿಟರ್ ಕೇಳಿದ್ರಿ ಅಕ್ಕಾರ, ಬಾಣ ಎಲ್ಲಿ ಕೇಳಿದ್ರಿ?" ಎಂದ.

ಕೀಬೋರ್ಡಿನ ಕತೆ ಇನ್ನೂ ಕಷ್ಟ. ನಾನು ಆಲ್ಬಮ್ಮಿನ ಮೇಲೆ 'ಶುಭವಿವಾಹ' ಎಂದು ಹೊಡೆಯುವಾಗ ಅಣ್ಣ ತನ್ನ ಕಡೆ ಒಮ್ಮೆ ಕ್ಲಿಕ್ ಮಾಡಿದರೆ ಸಾಕು, ನನ್ನ ಅಕ್ಷರಗಳು ಹೋಗಿ ಅವನ ವಿಡಿಯೋಕ್ಕೆ ಬೀಳುತ್ತಿದ್ದವು. ಅಲ್ಲಿ ಒಂದೊಂದು ಕೀಲಿಯೂ ಒಂದೊಂದು ಅಪ್ಪಣೆ, ಕತ್ತರಿಸು, ಸರಿಸು, ಅಳಿಸು. ಹಾಗೆ ಶಿರಹಟ್ಟಿಯ ಒಂದು ಮದುವೆಯಲ್ಲಿ ಅಕ್ಷತೆ ಬೀಳುವ ಮೊದಲೇ ಊಟವಾಗಿ, ಬೀಗರು ಕೈ ತೊಳೆದುಕೊಂಡರು. ಅಣ್ಣ ಏನೂ ಅನ್ನದೆ ಸರಿಪಡಿಸಿದ. ಅನ್ನಬೇಕಾದರೆ ಮಾತಾಡಬೇಕಲ್ಲ.

ಮಾತಿಲ್ಲದೆಯೇ ಒಂದು ಪದ್ಧತಿ ಬೆಳೆಯಿತು. ಬಾಣ ಬೇಕಾದವರು ಕೆಮ್ಮುವುದು, ಇನ್ನೊಬ್ಬರು ಕೈಯೊಳಗಿನದನ್ನು ಮುಗಿಸಿ ಮೌಸ್ ಬಿಡುವುದು. ದಿನವಿಡೀ ಇಬ್ಬರೂ ಕೆಮ್ಮುತ್ತಿದ್ದೆವು. ಮುಳಗುಂದದಿಂದ ಪಾಸ್‌ಪೋರ್ಟ್ ಫೋಟೋಕ್ಕೆ ಬಂದ ಒಬ್ಬರು, ಜ್ಯೇಷ್ಠಮಧು ಬಾಯಲ್ಲಿಟ್ಟುಕೊಳ್ಳಿ ಎಂದು ಹೇಳಿ ಹೋದರು. ಅಷ್ಟರಲ್ಲಿ ಮುಂಡರಗಿಯ ಅಂಗಡಿಗೆ ಬಣ್ಣ ಹೊಡೆಸಿದ್ದೂ ಆಯಿತು, ಇದನ್ನು ನನಗೆ ಅತ್ತಿಗೆ ಹೇಳಿದಳು.

ಲಕ್ಷ್ಮೇಶ್ವರದವರ ಆಲ್ಬಮ್ ನನ್ನಲ್ಲೇ ಉಳಿದಿತ್ತು. ಅಚ್ಚಿಗೆ ಕಳಿಸುವ ಮೊದಲು ನೋಡಲು ಅದೇ ಕಾಕಾ ಬಂದರು. ನನ್ನ ಬೆನ್ನ ಹಿಂದೆ ಸ್ಟೂಲ್ ಎಳೆದುಕೊಂಡು ಕುಳಿತರು.

"ಈ ಸಲಾನೂ ನೀವ ಬರದೀರೇನವಾ? ಮತ್ತ ಗಂಡಸ ಮಾಡಿಲ್ಲಲಾ?"

ನನ್ನ ಮುಖ ಬಿಸಿಯಾಯಿತು. ನಾನಲ್ಲ ಎಂದು ಹೇಳಬಹುದಿತ್ತು. ಹೇಳಬೇಕಾದವನು ಮೊಳದೂರದಲ್ಲಿ ಕುಳಿತಿದ್ದ, ಅವನು ಹೇಳಲಿ ಎಂದು ಹಲ್ಲು ಕಚ್ಚಿಕೊಂಡು ಹಾಳೆ ತಿರುಗಿಸಿದೆ. ಅಷ್ಟರಲ್ಲಿ, ಕೆಮ್ಮಿಲ್ಲ ಏನಿಲ್ಲ, ಬಾಣ ನನ್ನ ಕೈತಪ್ಪಿ ತಾನೇ ಸರಿಯತೊಡಗಿತು. ಆಲ್ಬಮ್ಮಿನ ಮೊದಲ ಹಾಳೆಗೆ ಹೋಯಿತು. ಹುಡುಗಿಯ ಹೆಸರಿನ ಮೇಲೆ ನಿಂತು ಅದನ್ನು ಹಿಗ್ಗಿಸುತ್ತ ಹೋಯಿತು, ನನ್ನ ಎರಡೂ ಮಾನಿಟರಿನ ತುಂಬ ಒಂದೇ ಒಂದು 'ವ್ವ' ಉಳಿಯುವವರೆಗೆ.

"ಇದ ನಮ್ಮ ತಂಗಿ ಬರದದ್ರಿ," ಅಣ್ಣ ನಮ್ಮ ಕಡೆ ತಿರುಗದೇ ಹೇಳಿದ. "ವಿಡಿಯೋದಾಗ ತಪ್ಪ ಬರದಂವಾ ನಾನು. ಅವತ್ತ ಸುಳ್ಳ ಆಕಿ ಮ್ಯಾಲ ಹಾಕಿದ್ಯಾ."

ಕಾಕಾ ಅವನನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಆ 'ವ್ವ'ವನ್ನು ಬಹಳ ಹೊತ್ತು ನೋಡಿದರು. "ಒತ್ತು ದೊಡ್ಡದ ಐತಿ ಬಿಡ್ರಿ," ಎಂದರು.

ನನಗೆ ಕಣ್ಣು ಮಂಜಾಗಿ ಅಕ್ಷರ ಕಾಣುತ್ತಿರಲಿಲ್ಲ. ಮೂಗು ಒರೆಸಿಕೊಂಡೆ.

"ಬಾಣ ಕೊಡಣ್ಣಾ."

"ತಗೋ," ಎಂದ.

ಅವತ್ತಿನಿಂದ ಕೆಮ್ಮು ನಿಂತಿತು. ಮುಂಡರಗಿ ನಿಲ್ಲಲಿಲ್ಲ. ಕೊಟ್ಟ ಮಾತು, ಬರೆಸಿದ ಬೋರ್ಡು, ಹೋಗಲೇಬೇಕಾಯಿತು. ಹೋಗಬೇಡ ಎನ್ನಲು ಬಾಯಿತನಕ ಬಂದಿತ್ತು, ಚಹಾ ಕುಡಿಯುತ್ತೀಯಾ ಎಂದು ಕೇಳಿದೆ. ಮುಂಡರಗಿಯ ಅಂಗಡಿಗೆ ಅವನು ಹೊಸ ಕಂಪ್ಯೂಟರ್ ತಗೊಂಡ. ಇಲ್ಲಿಯ ಕಾರ್ಡು ಬಿಚ್ಚಿಕೊಡಲು ರಿಪೇರಿಯವನು ಬಂದಾಗ ಅಣ್ಣ, "ಇರ್ಲಿ ಬಿಡು, ಬಂದಾಗ ಕುಂಡ್ರಾಕ ಬೇಕಲಾ," ಎಂದ. ತನ್ನ ಎರಡು ಮಾನಿಟರುಗಳ ಗುಂಡಿ ಒತ್ತಿ ಆರಿಸಿ, ಮೇಲೆ ಟವೆಲ್ ಹೊದಿಸಿ ಹೋದ.

ಆರಿಸಿದ್ದಾರೆ ಎಂಬುದು ಕಂಪ್ಯೂಟರಿಗೆ ಗೊತ್ತಿಲ್ಲ. ಬಲಗಡೆ ಇನ್ನೂ ಎರಡು ಮಾನಿಟರ್ ಇವೆ ಎಂದೇ ಅದು ನಡೆದುಕೊಳ್ಳುತ್ತದೆ. ಕೆಲಸದ ಭರದಲ್ಲಿ ನಾನು ಮೌಸನ್ನು ತುಸು ಹೆಚ್ಚು ದೂಡಿದರೆ ಬಾಣ ನನ್ನ ಅಂಚು ದಾಟಿ ಆ ಕತ್ತಲೊಳಗೆ ಹೋಗಿಬಿಡುತ್ತದೆ. ಇದನ್ನು ನಿಲ್ಲಿಸುವುದು ಒಂದು ನಿಮಿಷದ ಕೆಲಸ ಎಂದು ರಿಪೇರಿಯವನು ಹೇಳಿದ್ದಾನೆ. ನಾನು ಮಾಡಿಸಿಲ್ಲ.

ಮೊನ್ನೆ ಹೊಂಬಳದಿಂದ ಮೊಮ್ಮಗಳ ಫೋಟೋ ಆರಿಸಲು ಬಂದ ಅಜ್ಜಿಯೊಬ್ಬರು ನಡುವೆ ಕೇಳಿದರು, "ಈಗಿತ್ತಲ್ಲವಾ ಬಾಣ, ಎಲ್ಲಿ ಹೋತು?"

"ನಮ್ಮಣ್ಣನ ಕಡಿ ಹೋಗೇತ್ರಿ. ತಡೀರಿ," ಎಂದು ಹೇಳಿ, ಒಮ್ಮೆ ಕೆಮ್ಮಿದೆ.