ದೇವರಿಗೆ ಐದು ದುಂಡಗಿನ ಚಕ್ಕುಲಿ

ಕೊರೊನಾದ ಎರಡನೆಯ ವರ್ಷ. ಮಲೇಷ್ಯಾದ ನಿಲಾಯ್‌ನಲ್ಲಿ ನಾನು ಪಾಠ ಹೇಳುತ್ತಿದ್ದ ಟ್ಯೂಷನ್ ಕ್ಲಾಸು ಮುಚ್ಚಿತು, ಕಾಲೇಜಿನಲ್ಲಿ ಕಲಿಸುವ ಗಂಡನ ಸಂಬಳ ಅರ್ಧಕ್ಕಿಳಿಯಿತು. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು, ಬಿ.ಕಾಂ. ಉಡುಪಿಯಲ್ಲಿ ಅಮ್ಮ ಮದುವೆ ಮನೆಗಳ ಎಣ್ಣೆ ಬಾಣಲೆಯ ಮುಂದೆ ಕೂತು ನನ್ನನ್ನು ಓದಿಸಿದ್ದಳು. ಈಗ ನಾನೂ ಬಾಣಲೆ ಇಟ್ಟೆ. ಚಕ್ಕುಲಿ ಮಾರತೊಡಗಿದೆ.

"ಡಿಗ್ರಿ ಮಾಡಿ ಚಕ್ಕುಲಿ ಒತ್ತುದಾ?" ಎಂದು ಅಮ್ಮ ಫೋನಿನಲ್ಲಿ ಕೇಳಿದಳು.

"ಬಾಡಿಗೆ ಕಟ್ಟಬೇಕಲ್ಲಮ್ಮ."



ಪಕ್ಕದ ಊರುಗಳಾದ ಬಾಂಗ್ಸಾರ್, ಪುತ್ರಜಯಾದ ಕನ್ನಡದ ಮನೆಗಳಿಂದ ಆರ್ಡರ್ ಬಂತು. ಲಾಕ್‌ಡೌನಿನಿಂದ ರಾಜ್ಯದ ಗಡಿ ದಾಟುವಂತಿರಲಿಲ್ಲ, ಎಲ್ಲವೂ ಕೊರಿಯರ್‌ನಲ್ಲೇ ಹೋಗಬೇಕು. ನಾನು ಮನೆಯಲ್ಲೇ ತೂಗಿ, ಆ ತೂಕಕ್ಕೆ ಕೊರಿಯರ್ ಖರ್ಚು ಸೇರಿಸಿ ಬೆಲೆ ಹೇಳಿಬಿಟ್ಟಿದ್ದೆ. ಕೊರಿಯರ್ ಅಂಗಡಿಯ ತಮಿಳು ಹೆಂಗಸು ಡಬ್ಬಿ ತೂಗಿದವಳು, ಟೇಪು ತೆಗೆದು ಉದ್ದ, ಅಗಲ, ಎತ್ತರವನ್ನೂ ಅಳೆದಳು.

"ತೂಕ ಕಮ್ಮಿ ಅಕ್ಕಾ, ಸೈಜು ಜಾಸ್ತಿ. ಸೈಜಿಗೇ ಚಾರ್ಜು ಲಾ," ಎಂದಳು, ಇಲ್ಲಿಯವರ ಹಾಗೆ ಮಾತಿನ ಕೊನೆಗೊಂದು 'ಲಾ' ಸೇರಿಸಿ.

"ಒಳಗೆ ಅರ್ಧ ಗಾಳಿಯೇ ಇರುದು!"

"ಗಾಳಿಗೂ ಲಾರಿಯಲ್ಲಿ ಸೀಟು ಬೇಕಲ್ಲ ಅಕ್ಕಾ."

ಲೆಕ್ಕ ಸರಿಯಾಗಿಯೇ ಇತ್ತು. ಚಕ್ಕುಲಿಯ ಸುತ್ತುಗಳ ನಡುವೆ ಖಾಲಿ, ಮುರಿಯದಿರಲೆಂದು ತುರುಕಿದ ಪೇಪರು ಬೇರೆ. ದುಡಿದದ್ದೆಲ್ಲ ಕೊರಿಯರ್‌ಗೇ ಹೋಗುತ್ತಿತ್ತು. ಕಡೆಗೆ ಸುತ್ತುವುದನ್ನೇ ಬಿಟ್ಟೆ. ಹಿಟ್ಟನ್ನು ಉದ್ದಕ್ಕೆ ಒತ್ತಿ, ಕತ್ತರಿಸಿ, ಕಡ್ಡಿಗಳಾಗಿ ಕರಿದೆ. ಊದುಬತ್ತಿಯ ಹಾಗೆ ಒತ್ತೊತ್ತಾಗಿ ಜೋಡಿಸಿದರೆ ಅರ್ಧ ಸೈಜಿನ ಡಬ್ಬಿ ಸಾಕಾಯಿತು. ಸ್ವಲ್ಪ ಉಸಿರಾಡುವಂತಾಯಿತು.

ಅಷ್ಟಮಿ ಹತ್ತಿರ ಬಂದಾಗ ಪುತ್ರಜಯಾದಿಂದ ಫೋನು. ಅಲ್ಲಿಯ ಡಾಕ್ಟರೊಬ್ಬರ ಹೆಂಡತಿ, ನಮ್ಮ ಉಡುಪಿಯವರೇ. ಅವರ ಮಾತು ಕೇಳಿ ಇನ್ನೂ ನಾಲ್ಕು ಮನೆಯವರು ನನ್ನಿಂದ ತರಿಸುತ್ತಿದ್ದರು.

"ಎಂಥದು ಮಾರಾಯ್ತಿ, ಚಕ್ಕುಲಿಯಾ ಬೆಂಕಿಕಡ್ಡಿಯಾ? ಇದನ್ನು ಕೃಷ್ಣನ ಮುಂದೆ ಇಡ್ಲಿಕ್ಕಾಗ್ತದಾ?"

"ದುಂಡಗಿದ್ರೆ ಡಬ್ಬಿ ದೊಡ್ಡದಾಗ್ತದೆ ಅಕ್ಕ. ನನಗೆ ಏನೂ ಉಳಿಯುದಿಲ್ಲ."

"ಅದೆಲ್ಲ ನನಗೆ ಗೊತ್ತಿಲ್ಲ. ತುಂಡಾದ್ದು ದೇವರಿಗೆ ಆಗುದಿಲ್ಲ."

ದುಂಡಗಿನದು ಕಳಿಸಿದರೆ ಕೈಯಿಂದ ದುಡ್ಡು ಹೋಗುತ್ತದೆ, ಕಳಿಸದಿದ್ದರೆ ಐದು ಮನೆ ಹೋಗುತ್ತದೆ. ಹಿಟ್ಟು ಕಲಸುತ್ತ ಕಲಸುತ್ತ ಅನ್ನಿಸಿತು, ದೇವರಿಗೆ ಇಡುವುದಾದರೂ ಎಷ್ಟು? ಕೈ ತೊಳೆದು ತಿರುಗಿ ಫೋನ್ ಮಾಡಿದೆ.

"ಅಕ್ಕ, ನೈವೇದ್ಯಕ್ಕೆ ಐದು ದುಂಡಗಿನದು, ಮನೆಯವರಿಗೆ ಕಡ್ಡಿ. ಆಗ್ತದಾ?"

ಆ ಕಡೆ ನಗು. "ದೇವರ ಹತ್ರವೂ ಲೆಕ್ಕ ಹಾಕ್ತಿಯಲ್ಲ ನೀನು! ಆಯ್ತು, ಕಳಿಸು."

ಐದು ಸಣ್ಣ ಚಕ್ಕುಲಿಗಳನ್ನು ನಡುವೆ ಇಟ್ಟು, ಪೇಪರಿನ ಬದಲು ಸುತ್ತಲೂ ಕಡ್ಡಿಗಳನ್ನೇ ತುಂಬಿದೆ. ಉಳಿದ ನಾಲ್ಕು ಮನೆಗೂ ಹಾಗೆಯೇ. ಚಿಕ್ಕ ಡಬ್ಬಿಯಲ್ಲೇ ಹಿಡಿಯಿತು. ಅಂಗಡಿಯ ಹೆಂಗಸು ಟೇಪು ಹಿಡಿದು ನನ್ನ ಮುಖ ನೋಡಿ, "ಗಾಳಿ ಎಲ್ಲಿ ಹೋಯ್ತು ಅಕ್ಕಾ?" ಎಂದಳು.

ಅಷ್ಟಮಿಯ ಮರುದಿನ ಪುತ್ರಜಯಾದಿಂದ ಮತ್ತೆ ಫೋನು. "ದೇವರದ್ದು ಐದೂ ಇಡೀ ಬಂದಿತ್ತು ಮಾರಾಯ್ತಿ. ನಮ್ಮದು ಪುಡಿಪುಡಿ. ಮಕ್ಕಳು ಚಮಚದಲ್ಲಿ ತಿಂತಾ ಇದ್ದಾರೆ. ದೀಪಾವಳಿಗೂ ಹೀಗೇ ಕಳಿಸು."

ಅಮ್ಮನಿಗೂ ಹೇಳಿದೆ. "ಡಿಗ್ರಿ ಮಾಡಿದ್ದಕ್ಕೇ ಡಬ್ಬಿಯ ಲೆಕ್ಕ ಸಿಕ್ಕಿತು," ಎಂದೆ, ಸ್ವಲ್ಪ ಜಂಬದಿಂದಲೇ.

"ಮನೆಯ ದೇವರಿಗೆ ಎಂತ ಇಟ್ಟೆ?" ಎಂದಳು.

ದುಂಡಗಿನವೆಲ್ಲ ಡಬ್ಬಿ ಸೇರಿದ್ದವು. ಚಕ್ಕುಲಿ ಒರಳು ತಿರುಗಿಸಿ ತಿರುಗಿಸಿ ತೋಳು ಮೇಲೇಳುತ್ತಿರಲಿಲ್ಲ. ನಮ್ಮ ಕೃಷ್ಣನಿಗೆ ಕಡ್ಡಿಯನ್ನೇ ಇಟ್ಟು ಕೈಮುಗಿದಿದ್ದೆ.