ಮಾವನ ಕುರ್ಚಿಗೆ ಬಡಿದ ಗ್ರೀಕ್ ಚಕ್ರ

ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ದಿನಕರ ಶೆಟ್ಟರ ಕೈಗೆ ಕಂಚಿನ ಚಕ್ರ ಕೊಟ್ಟರು. ಎಲ್ಲ ಕೆಟ್ಟದ್ದು ಅಲ್ಲಿಂದಲೇ. ಗಂಟೆ ನೆನಪಿರಲು ಕಾರಣ, ಉಪಾಹಾರ ಯಾವಾಗ ಕೊಟ್ಟಾರೆಂದು ನಾನು ಆಗಷ್ಟೇ ವಾಚು ನೋಡಿಕೊಂಡಿದ್ದೆ. ಆಮೇಲೆ ಎಷ್ಟೋ ರಾತ್ರಿ, ಕಣ್ಣು ಮುಚ್ಚಿದರೆ ಸಾಕು, ಚಕ್ರ ತಿರುಗುತ್ತಾ ಬರುತ್ತಿತ್ತು.

ಗ್ರೀಸಿಗೆ ಪ್ರವಾಸ ಹೋಗಿ ಬಂದ ಉತ್ಸಾಹಿಯೊಬ್ಬರು ಆ ಉಮೇದು ಇಳಿಯುವ ಮೊದಲೇ ಮೂಡುಬಿದಿರೆಯ ಹತ್ತಿರ ಪ್ರಾಚೀನ ಗ್ರೀಕರ ಆಟೋಟಗಳ ಸಂಗ್ರಹಾಲಯ ತೆರೆದಿದ್ದರು. ಗ್ರೀಕರು ಬರಿಮೈಯಲ್ಲಿ ಸ್ಪರ್ಧಿಸುತ್ತಿದ್ದರು ಎಂದು ಗೋಡೆಯ ಬರಹ ಹೇಳುತ್ತಿತ್ತು. ಅದರ ಕೆಳಗೆ ನಿಂತ ಪ್ಲಾಸ್ಟರ್ ಮೂರ್ತಿಗಳಿಗೆ ಮಾತ್ರ ಸಮಿತಿಯವರು ಸೊಂಟಕ್ಕೆ ಕೆಂಪು ಬೈರಾಸು ಸುತ್ತಿದ್ದರು. ವೇಣೂರಿನ ಬಾಹುಬಲಿಗೆ ಕೈಮುಗಿದು ಬೆಳೆದ ಜನ ಪ್ಲಾಸ್ಟರಿನ ಎದುರು ಏಕೆ ನಾಚಿದರೋ ತಿಳಿಯದು. ಗೆದ್ದವನಿಗೆ ಗ್ರೀಸಿನಲ್ಲಿ ಬರೀ ಎಲೆಗಳ ಕಿರೀಟ ಸಿಗುತ್ತಿತ್ತಂತೆ. ನಮ್ಮಲ್ಲಿ ಗೆಲ್ಲುವ ತಾಪತ್ರಯವೇ ಇಲ್ಲ. ದೇಣಿಗೆ ಕೊಟ್ಟವನಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ ತಾವಾಗಿಯೇ ನಡೆದು ಬರುತ್ತವೆ.

ಉದ್ಘಾಟನೆಯ ದಿನ ಅವು ದಿನಕರ ಶೆಟ್ಟರ ಕಡೆಗೆ ನಡೆದವು. ಗಲ್ಫಿನಲ್ಲಿ ದುಡಿದು, ಉಜಿರೆಯಲ್ಲಿ ಹೋಟೆಲು ಇಟ್ಟವರು. ಕಾಲೇಜು ದಿನಗಳ ಚಕ್ರ ಎಸೆತದ ವೀರ ಎಂದು ಅವರೇ ಹೇಳಿ, ಜನ ನಂಬಿ, ಈಗ ಸನ್ಮಾನಪತ್ರದಲ್ಲಿಯೂ ಅಚ್ಚಾಗಿತ್ತು. ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತವರು ಅವರ ಸೋದರಮಾವ, ನರಿಕೊಂಬಿನಲ್ಲಿ ನನ್ನ ನೆರೆಯವರಾದ ವಾಮನ ಶೆಟ್ಟರು. ಮಾವನಿಗೂ ಅಳಿಯನಿಗೂ ಜಾಗದ ವ್ಯಾಜ್ಯ ಬಂಟ್ವಾಳದ ಕೋರ್ಟಿನಲ್ಲಿತ್ತು. ಮಾತು ನಿಂತು ವರ್ಷಗಳಾಗಿದ್ದವು. ಒಂದೇ ಚಪ್ಪರದಡಿ ಕೂತರೆ ಮನಸ್ಸು ಕರಗೀತು ಎಂದು ಅವರನ್ನು ಎಳೆದು ತಂದವನು ನಾನು.

ವಾಲಿಬಾಲ್ ಪಂದ್ಯವಾದರೆ ನಮ್ಮ ಅತಿಥಿ ಚೆಂಡು ಹೊಡೆದೇ ಉದ್ಘಾಟಿಸಬೇಕು, ಕಬಡ್ಡಿಯಾದರೆ ಅಂಕಣಕ್ಕೆ ಇಳಿಯಲೇಬೇಕು. ಸಂಗ್ರಹಾಲಯವೆಂದರೆ ಮುಟ್ಟದೆ ನೋಡುವ ಜಾಗ ಎಂಬುದು ಆ ಅಭ್ಯಾಸದ ಮುಂದೆ ನಿಲ್ಲಲಿಲ್ಲ. ಅತಿಥಿಗಳು ಚಕ್ರ ಎಸೆದು ಉದ್ಘಾಟಿಸುತ್ತಾರೆ ಎಂದು ಮೈಕು ಸಾರಿತು. ಅಂಗಳಕ್ಕಿಳಿದ ದಿನಕರರು ಪೇಟ ತೆಗೆಯಲಿಲ್ಲ, ಶಾಲೂ ತೆಗೆಯಲಿಲ್ಲ, ಫೋಟೋ ಇತ್ತಲ್ಲ. ಒಂದು ಸುತ್ತು ತಿರುಗಿದರು. ಎರಡನೆಯ ಸುತ್ತಿಗೆ ಶಾಲು ಕೈಗೆ ಸುತ್ತಿಕೊಂಡಿತು. ಮುಂದಕ್ಕೆ ಹೋಗಬೇಕಾದ ಚಕ್ರ ಹಿಂದಕ್ಕೆ ಬಂತು. ವಾಮನ ಶೆಟ್ಟರು ಆ ಕ್ಷಣ ಕುರ್ಚಿಯಡಿ ಜಾರಿದ ಚಪ್ಪಲಿಗೆ ಬಗ್ಗಿದ್ದರು. ಅವರ ಕುತ್ತಿಗೆ ಇರಬೇಕಾದಲ್ಲಿ ಕುರ್ಚಿಯ ಬೆನ್ನು ಸೀಳಿತು.

ಗ್ರೀಕರ ಒಂದು ಹಳೆಯ ಕಥೆ ಒಳಗಿನ ಗೋಡೆಯಲ್ಲಿತ್ತು. ಮೊಮ್ಮಗನಿಂದಲೇ ಸಾವು ಎಂದು ಭವಿಷ್ಯ ಕೇಳಿದ ರಾಜ ಮಗಳನ್ನೂ ಮಗುವನ್ನೂ ಪೆಟ್ಟಿಗೆಯಲ್ಲಿಟ್ಟು ಸಮುದ್ರಕ್ಕೆ ತಳ್ಳಿದನಂತೆ. ಕೊನೆಗೆ ಆಟ ನೋಡಲು ಕೂತವನಿಗೆ ಮೊಮ್ಮಗ ಎಸೆದ ಚಕ್ರವೇ ಬಡಿಯಿತಂತೆ. ಪಾಪ, ಆ ರಾಜನಿಗೂ ಮೊಮ್ಮಗನಿಗೂ ಕೋರ್ಟಿನಲ್ಲಿ ಕೇಸು ಇರಲಿಲ್ಲ. ಇಲ್ಲಿ ಇತ್ತು. ನಾವು ಊರು ತಲುಪುವ ಮೊದಲೇ, ಅಳಿಯ ಗುರಿಯಿಟ್ಟೇ ಎಸೆದ ಎಂಬ ಸುದ್ದಿ ತಲುಪಿತ್ತು. ಪೊಲೀಸರಿಗೆ ದೂರು ಕೊಡೋಣವೆಂದು ವಾಮನ ಶೆಟ್ಟರ ಮಕ್ಕಳು ಹಟ ಹಿಡಿದರು. ಪಕ್ಕದಲ್ಲೇ ಇದ್ದ ಸಾಕ್ಷಿ ನಾನು. ನಾನು ಹೇಳಿದರೆ ಒಬ್ಬ ಮನುಷ್ಯ ಕೊಲೆಗೆ ಯತ್ನಿಸಿದವನಾಗಬಹುದು. ಕಂಡದ್ದೇನು? ಶಾಲು ಕಂಡಿತ್ತು. ಮನಸ್ಸು ಯಾರಿಗೆ ಕಾಣುತ್ತದೆ? ಬಿ.ಎ. ಓದಿದರೂ ಇಂಥದಕ್ಕೆ ಉತ್ತರ ಹೊಳೆಯುವುದಿಲ್ಲ. ನಿದ್ದೆಯಂತೂ ಹೋಗಿತ್ತು.

ಕೊನೆಗೊಂದು ಭಾನುವಾರ ವಾಮನ ಶೆಟ್ಟರು ನನ್ನನ್ನು ಕರೆದುಕೊಂಡು ಉಜಿರೆಗೆ ಹೋದರು. ಅಳಿಯನ ಹೋಟೆಲಿನಲ್ಲಿ, ಅಳಿಯನ ಎದುರೇ ಕೂತು, ಚಹಾಕ್ಕೆ ಊದುತ್ತಾ ಹೇಳಿದರು:

"ಗುರಿ ಇಟ್ಟಿಯೋ ಇಲ್ಲವೋ, ಇವರ ಎದುರು ಹೇಳು. ನೀನು ಅಷ್ಟು ದೊಡ್ಡ ಎಸೆತಗಾರ ಹೌದಾದರೆ ನಾನು ಸ್ಟೇಷನಿಗೆ ಹೋಗ್ತೇನೆ."

ದಿನಕರರ ಮುಖ ನೋಡಬೇಕಿತ್ತು. ಕಟ್ಟು ಹಾಕಿಸಿದ ಸನ್ಮಾನಪತ್ರ ಗೋಡೆಯ ಮೇಲೆ ತೂಗುತ್ತಿತ್ತು. ಗಿರಾಕಿಗಳು ದೋಸೆ ಬಿಟ್ಟು ಕಿವಿ ಕೊಟ್ಟಿದ್ದರು. ವೀರನೂ ಆಗಿದ್ದು ನಿರಪರಾಧಿಯೂ ಆಗುವ ದಾರಿ ಇರಲಿಲ್ಲ. ನಿಜ ಹೇಳುತ್ತೇನೆ, ಅವರು ಕೊಲ್ಲಲು ಹೊರಟವನ ಪಟ್ಟವನ್ನೇ ಒಪ್ಪಿಕೊಂಡಾರು ಎಂದು ನಾನು ಹೆದರಿದೆ. ಗಂಡಸರ ವಿಷಯ ಹೇಳಲಾಗುವುದಿಲ್ಲ.

"ನನಗೆ ಎಸೆಯಲಿಕ್ಕೆ ಬರುವುದಿಲ್ಲ ಮಾವ," ಅಂದರು ಕಡೆಗೆ. "ಕಾಲೇಜಿನಲ್ಲಿ ಬೇರೆಯವರು ಎಸೆದದ್ದನ್ನು ಹೆಕ್ಕಿ ತಂದು ಕೊಡುವವ ನಾನು."

"ನನಗೆ ಗೊತ್ತುಂಟು ಮಾರಾಯ. ಗುರಿ ಇಟ್ಟಿದ್ದರೆ ನಾನು ಕೂತ ಜಾಗದಷ್ಟು ಸುರಕ್ಷಿತ ಜಾಗ ಬೇರೆ ಇರಲಿಲ್ಲ."

ದಿನಕರರು ನಕ್ಕರೋ ಅತ್ತರೋ, ಹೆಗಲ ಬೈರಾಸು ಮುಖಕ್ಕೆ ಹಿಡಿದಿದ್ದರಿಂದ ಕಾಣಲಿಲ್ಲ. ದೂರಿನ ಮಾತು ಅಲ್ಲಿಗೇ ಮುಗಿಯಿತು. ಜಾಗದ ಕೇಸು ಮುಂದುವರಿಯಲಿ ಎಂದು ಇಬ್ಬರೂ ಒಪ್ಪಿದರು. ವರ್ಷಗಳ ಮೇಲೆ ಅವರು ಒಪ್ಪಿದ ಮೊದಲ ಸಂಗತಿ ಅದು. ಎದ್ದು ಹೊರಡುವಾಗ ಅಳಿಯ ಮಾವನನ್ನು ಬಸ್ಸಿನವರೆಗೆ ಬಿಟ್ಟು ಬಂದರು.

ಆ ಭಾನುವಾರ ಮಲಗಿದವನು ಸೋಮವಾರ ಬಿಸಿಲು ಮುಖಕ್ಕೆ ಬಿದ್ದ ಮೇಲೆಯೇ ಎದ್ದೆ.