ಕೆಂಪು ಶಾಲಿನ ನಾಯಿ

ಮೊನ್ನೆ ಮೊಬೈಲಿನಲ್ಲಿ ಏನನ್ನೋ ಹುಡುಕುವಾಗ ಕೆಂಪು ಶಾಲು ಹೊದ್ದು ಹಾರುವ ನಾಯಿಯೊಂದು ಕಂಡಿತು. ನೋಡಿದ ಕೂಡಲೇ ಗುರುತು ಹಿಡಿದೆ. ನಿಮಗೆ ಗೊತ್ತಿರಲಿಕ್ಕಿಲ್ಲ. ತೊಂಬತ್ತರ ದಶಕದಲ್ಲಿ ಸಿಡಿಲು ಎಸೆಯುವ ವೀರನೊಬ್ಬನ ಕಾಮಿಕ್ಸು ಚೆನ್ನಾಗಿ ಓಡುತ್ತಿತ್ತಂತೆ. ಅವನ ನಾಯಿಗೂ ಒಂದು ಇರಲಿ ಎಂದು ಯಾರಿಗೋ ಅನ್ನಿಸಿ, ಮೂರು ಸಂಚಿಕೆ ತಂದು ಕೈಬಿಟ್ಟರಂತೆ. ಮೂರನೆಯದು ಮುಧೋಳದ ಬಸ್ ನಿಲ್ದಾಣದ ರದ್ದಿ ಗಾಡಿಗೆ ಹೇಗೆ ಬಂತೋ ದೇವರೇ ಬಲ್ಲ.

ಆಗ ನಾನು ಆರನೆಯ ತರಗತಿ. ಎ ಬಿ ಸಿ ಡಿ ಬರುತ್ತಿತ್ತು, ಉಳಿದದ್ದಕ್ಕೆ ಧೈರ್ಯವಿತ್ತು. ಚಿತ್ರ ನೋಡಿ ಕತೆ ಕಟ್ಟಿ ಸೋದರಮಾವನಿಗೆ ಓದಿ ಹೇಳುತ್ತಿದ್ದೆ. ಮಾಮಾನದು ಕುರಿ ಕಾಯುವ ಮನೆತನ, ಅವನು ಸಾಕಿದ ಬೇಟೆನಾಯಿಗಳಿಗೆ ಸುತ್ತೆಲ್ಲ ಹೆಸರು. ಅವನಿಗೆ ಕತೆ ಬೇಕಿರಲಿಲ್ಲ. “ಸೊಂಟ ಇಷ್ಟ ದಪ್ಪ ಇದ್ರ ಹಾರೂದಿರ್ಲಿ, ಮೊಲದ ಹಿಂದ ಓಡಾಕೂ ಆಗಂಗಿಲ್ಲ” ಎಂದು ಆ ವೀರನಾಯಿಯನ್ನು ಮೊದಲ ಪುಟದಲ್ಲೇ ತೆಗೆದುಹಾಕಿದ್ದ.

ಅದೇ ವಾರ ಅವನ ಮೆಚ್ಚಿನ ನಾಯಿ ಚಿಗರಿಗೆ ಕಬ್ಬಿನ ಹೊಲದಲ್ಲಿ ಹಾವು ಕಚ್ಚಿತು. ದನದ ಡಾಕ್ಟರು ಸೂಜಿ ಮಾಡಿ, ನೋಡೋಣ ಎಂದು ಹೋದರು. ಮಾಮಾ ಎರಡು ದಿನ ಪಡಸಾಲೆಯಲ್ಲಿ ಕೂತು ಅದರ ಬಾಯಿಗೆ ಚಮಚದಿಂದ ಹಾಲು ಬಿಡುತ್ತಿದ್ದ. ಹಾಲು ಹೊರಗೇ ಹರಿಯುತ್ತಿತ್ತು. ಸಾಕು ಬಿಡು ಎನ್ನುವ ಎದೆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅವನ ಮನಸ್ಸು ಬೇರೆಡೆ ಹೊರಳಲಿ ಎಂದು ಕಾಮಿಕ್ಸು ಹಿಡಿದು ಪಕ್ಕದಲ್ಲಿ ಕೂತೆ. ಕೊನೆಯ ಪುಟಕ್ಕೆ ಬಂದೆ. ಕಾಲು ಚಾಚಿ ಬಿದ್ದ ನಾಯಿ, ಪಕ್ಕದಲ್ಲಿ ತಲೆ ತಗ್ಗಿಸಿದ ವೀರ. ಸತ್ತದ್ದು ಅಂತ ಕುರುಡರಿಗೂ ಗೊತ್ತಾಗಬೇಕು.

“ಅದಕ್ಕ ನಿದ್ದಿ ಹತ್ತೇತಿ ಮಾಮಾ. ಮುಂಜಾನಿ ಏಳ್ತೈತಿ” ಎಂದು ಸುಳ್ಳು ಹೇಳಿದೆ.

ಮಾಮಾ ಚಿಗರಿಯ ಬಾಯಿ ಒರೆಸಿದ. “ಮತ್ತ ಎದ್ದೇಳೂ ನಾಯಿ ಹಂಗ ಮಕ್ಕೊಳ್ಳಂಗಿಲ್ಲವ್ವಾ” ಎಂದು ಚಮಚ ಕೆಳಗಿಟ್ಟ. ಚಿಗರಿ ಸಂಜೆಯೊಳಗೆ ಹೋಯಿತು.

ಈಗ ಮೊಬೈಲಿನಲ್ಲಿ ಆ ಪುಟ ದೊಡ್ಡದು ಮಾಡಿ ಓದಿದೆ. ಮಲಗು, ಬೆಳಗಾಗುವಷ್ಟರಲ್ಲಿ ಗಾಯ ಮಾಯುತ್ತದೆ ಎಂದು ವೀರ ಹೇಳುತ್ತಿದ್ದಾನೆ. ನನ್ನ ಸುಳ್ಳೇ ಅಲ್ಲಿ ಅಚ್ಚಾಗಿದೆ. ಖುಷಿಯಾಗಬೇಕಿತ್ತು, ಆಗಲಿಲ್ಲ. ನಾಯಿ ಬರೆಯಲು ಬಾರದವನ ಚಿತ್ರ ನಂಬಿ ಮಾಮಾ ಚಮಚ ಇಟ್ಟುಬಿಟ್ಟನೇ? ಆ ಪುಟ ಮುಂದೆ ಹಿಡಿದವಳು ನಾನು.

ತಡೆಯಲಾಗದೆ ಫೋನ್ ಮಾಡಿ, ಇಷ್ಟು ವರ್ಷದ ಮೇಲೆ ಎಲ್ಲವನ್ನೂ ಒಪ್ಪಿಕೊಂಡೆ. ಮಾಮಾ ಪೂರ್ತಿ ಕೇಳಿಸಿಕೊಂಡ.

“ಆ ಪುಟ ನಾ ನೋಡೇ ಇಲ್ಲವ್ವಾ” ಎಂದ. “ನಾ ಚಿಗರೀನ ನೋಡಿ ಹೇಳಿದ್ದೆ.”